ನೀರು ಎಲ್ಲಿವರೆಗೆ ಬಂತು ಅಂತ ಮೇಲಿನಿಂದ ಕಾಣುತ್ತದೆ, ನಮಗೂ ತೋರಿಸಿ

ಭದ್ರಾ ನೀರನ್ನು ಯಾವಾಗ ಬಿಡಬೇಕು, ಎಷ್ಟು ದಿನ ಬಿಡಬೇಕು ಅಂತ ತೀರ್ಮಾನ ಮಾಡುವ ಎಲ್ಲರಿಗೂ, ಆ ತೀರ್ಮಾನಕ್ಕಾಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವ ನನ್ನಂಥ ರೈತರಿಗೂ ನಮಸ್ಕಾರ.

ನಾನು ದಾವಣಗೆರೆ ತಾಲ್ಲೂಕಿನವನು. ಭದ್ರಾ ಬಲದಂಡೆ ನಾಲೆಯ ಕೊನೆ ಭಾಗದಲ್ಲಿ ನನಗೆ ಮೂರೂವರೆ ಎಕರೆ ಗದ್ದೆ ಇದೆ. ಕೆಲವು ವರ್ಷ ನಮ್ಮೂರಿನ ನೀರು ಬಳಕೆದಾರರ ಸಂಘದ ಕಾರ್ಯದರ್ಶಿ ಆಗಿದ್ದೆ. ಆ ಕೆಲಸದಲ್ಲಿ ಸಂಬಳ ಇಲ್ಲ, ಬೈಗುಳ ಜಾಸ್ತಿ. ಒಂದು ಲಾಭ ಮಾತ್ರ ಆಯಿತು. ಪ್ರತಿ ಹಂಗಾಮಿನಲ್ಲಿ ನಮ್ಮ ತೂಬಿಗೆ ನೀರು ಯಾವ ದಿನ ಬಂತು, ಯಾವ ದಿನ ನಿಂತಿತು ಅಂತ ಬರೆದಿಡುವ ಚಟ ಹತ್ತಿತು. ಆ ನೋಟ್‌ಬುಕ್ ಇಲ್ಲದಿದ್ದರೆ ಈ ಪತ್ರವೂ ಇರುತ್ತಿರಲಿಲ್ಲ.

ಒಂದು ಬೇಸಿಗೆ ಬೆಳೆಯ ಮಾತು. ಭತ್ತ ಹೊಡೆಗೆ ಬಂದಿತ್ತು, ಅಂದರೆ ತೆನೆ ಇನ್ನೂ ಕಾಂಡದೊಳಗೇ ಇತ್ತು. ಹೊಡೆಯಲ್ಲಿ ನೀರು ತಪ್ಪಿದರೆ ಏನಾಗುತ್ತದೆ ಅಂತ ಭತ್ತ ಬೆಳೆದವರಿಗೆ ಹೇಳಬೇಕಿಲ್ಲ. ಹನ್ನೊಂದು ದಿನ ನಮ್ಮ ಹೊಲಗಾಲುವೆಗೆ ನೀರು ಬರಲಿಲ್ಲ. ಗದ್ದೆ ಬಿರುಕು ಬಿಟ್ಟಿತು. ತೆನೆ ಹೊರಬಂದ ಮೇಲೆ ಕೈಯಲ್ಲಿ ಹಿಡಿದು ನೋಡಿದರೆ ಅರ್ಧಕ್ಕರ್ಧ ಜೊಳ್ಳು. ನೋಟ್‌ಬುಕ್ ಹಿಡಿದುಕೊಂಡು ಒಂದು ಕಚೇರಿಗೆ ಹೋದೆ. ಯಾವ ಕಚೇರಿ ಅನ್ನುವುದು ಇಲ್ಲಿ ಬೇಡ. ಅಲ್ಲಿ ಕೂತಿದ್ದವರು ನಾಲೆಯಲ್ಲಿ ಎಷ್ಟು ನೀರು ಹರಿಯಿತು ಅಂತ ಅಳೆದು ಬರೆದಿಡುವ ತಮ್ಮ ಗೇಜ್ ಪುಸ್ತಕ ತೆಗೆದರು. "ಆ ವಾರ ನಿಮ್ಮ ಉಪನಾಲೆಗೆ ನೀರು ಹೋಗಿದೆಯಲ್ರೀ, ಗೇಜ್ ಬರೆದಿದ್ದಾರೆ ನೋಡಿ" ಅಂದರು. "ಪುಸ್ತಕಕ್ಕೆ ಹೋಗೈತಿ ಸಾರ್, ಗದ್ದೆಗೆ ಬಂದಿಲ್ಲ" ಅಂದೆ. ಅವರು ನಕ್ಕರು. ಚಹಾ ಕುಡಿಸಿ ಕಳಿಸಿದರು. ಅವರ ಪುಸ್ತಕ ಸರ್ಕಾರದ್ದು, ನನ್ನದು ನಲವತ್ತು ರೂಪಾಯಿಯ ನೋಟ್‌ಬುಕ್. ಯಾವುದಕ್ಕೆ ಬೆಲೆ ಅಂತ ಇಬ್ಬರಿಗೂ ಗೊತ್ತಿತ್ತು.

ಮುಂದಿನ ಯುಗಾದಿಗೆ ನನ್ನ ಅಕ್ಕನ ಮಗ ಊರಿಗೆ ಬಂದ. ಬೆಂಗಳೂರಿನಲ್ಲಿ ನಕ್ಷೆ ಮಾಡುವ ಕೆಲಸ ಅವನದು. ಒಬ್ಬಟ್ಟು ತಿಂದು ಕೂತಾಗ ಈ ಕತೆ ಹೇಳಿದೆ. ಅವನು ಲ್ಯಾಪ್‌ಟಾಪ್ ತೆಗೆದ. "ಮಾವ, ಆ ವಾರದ ಚಿತ್ರ ಇರುತ್ತದೆ, ನೋಡೋಣ" ಅಂದ. ಯಾರು ತೆಗೆದ ಚಿತ್ರ ಅಂದೆ. ಸ್ಯಾಟಲೈಟ್ ತೆಗೆದದ್ದು ಅಂದ. ಯುರೋಪಿನವರ ಸೆಂಟಿನೆಲ್-2 ಅನ್ನುವ ಜೋಡಿ ಉಪಗ್ರಹ ಐದು ದಿನಕ್ಕೊಮ್ಮೆ ನಮ್ಮ ತಲೆ ಮೇಲೆ ಹಾದುಹೋಗುತ್ತದಂತೆ. ಬೆಳಿಗ್ಗೆ ಹತ್ತೂವರೆ, ಹನ್ನೊಂದರ ಹೊತ್ತಿಗೆ. ನಾನು ಬದುವಿನ ಮೇಲೆ ಕೂತು ಬುತ್ತಿ ಬಿಚ್ಚುವ ಹೊತ್ತು ಅದು. ಮೊದಲನೆಯದು 2015ರಲ್ಲಿ, ಎರಡನೆಯದು 2017ರಲ್ಲಿ ಮೇಲೆ ಹೋದವು. ಅವು ತೆಗೆದ ಚಿತ್ರಗಳಿಗೆ ಕಾಸಿಲ್ಲ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು.

ಆ ಚಿತ್ರದಲ್ಲಿ ನೆಲವನ್ನು ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಚೌಕಗಳಾಗಿ ಮಾಡಿರುತ್ತಾರೆ. ಅವನು "ಹತ್ತು ಮೀಟರ್" ಅಂದಾಗ ನನ್ನ ತಲೆಯಲ್ಲಿ ಬೇರೆ ಲೆಕ್ಕ ಓಡಿತು. ಹತ್ತು ಮೀಟರ್ ಅಂದರೆ ಹತ್ತಿರ ಹತ್ತಿರ 33 ಅಡಿ. 33 ಅಡಿಗೆ 33 ಅಡಿ ಅಂದರೆ ಏನು? ಒಂದು ಗುಂಟೆ! ನಮ್ಮ ಅಜ್ಜನ ಕಾಲದ ಗುಂಟೆಯೂ ಆಕಾಶದ ಕ್ಯಾಮೆರಾದ ಒಂದು ಚುಕ್ಕೆಯೂ ಒಂದೇ ಅಳತೆ. ಅಂದರೆ ನನ್ನ ಮೂರೂವರೆ ಎಕರೆಗೆ ನೂರ ನಲವತ್ತು ಚುಕ್ಕೆ. ಪ್ರತಿ ಗುಂಟೆಗೂ ಒಂದೊಂದು ಬಣ್ಣ. ಇದನ್ನು ನಾನು ಊರಲ್ಲಿ ಹತ್ತು ಜನಕ್ಕಾದರೂ ಹೇಳಿದ್ದೇನೆ. ಎಲ್ಲರಿಗೂ ತಕ್ಷಣ ಅರ್ಥವಾಗಿದೆ.

ಬಣ್ಣದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಸಭೆಗಳಲ್ಲಿ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಆರೋಗ್ಯವಾಗಿರುವ ಎಲೆ ಕೆಂಪು ಬೆಳಕನ್ನು ನುಂಗುತ್ತದೆ. ನಮ್ಮ ಕಣ್ಣಿಗೆ ಕಾಣದ ಇನ್ನೊಂದು ಬೆಳಕು ಇದೆ, ಕೆಂಪಿನ ಆಚೆಯದು. ಅದನ್ನು ಎಲೆ ವಾಪಸ್ ಎಸೆಯುತ್ತದೆ. ಉಪಗ್ರಹ ಎರಡನ್ನೂ ಅಳೆಯುತ್ತದೆ. ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಒಂದು ಅಂಕಿ ಸಿಗುತ್ತದೆ. ಎನ್‌ಡಿವಿಐ ಅನ್ನುತ್ತಾರೆ. ಹಸಿರಂಕ ಅಂತ ಕರೆಯೋಣ. ನೀರು ನಿಂತ ಗದ್ದೆಗೆ ಅದು ಸೊನ್ನೆಯ ಹತ್ತಿರ ಅಥವಾ ಅದಕ್ಕೂ ಕೆಳಗೆ. ನಾಟಿ ಆದ ಮೇಲೆ ವಾರ ವಾರಕ್ಕೂ ಏರುತ್ತದೆ. ತೆನೆ ಬರುವ ಹೊತ್ತಿಗೆ ತುದಿ ಮುಟ್ಟುತ್ತದೆ. ಕಾಳು ಬಲಿತು ಗದ್ದೆ ಹಳದಿಯಾದಂತೆ ಇಳಿಯುತ್ತದೆ. ಇಷ್ಟೇ.

ಈಗ ಒಂದು ಮಾತು ಗಮನಿಸಿ. ನೀರು ಬರದೆ ಯಾರೂ ನಾಟಿ ಮಾಡುವುದಿಲ್ಲ. ಗದ್ದೆ ನೀರಿನ ಬಣ್ಣದಿಂದ ಹಸಿರಿನ ಕಡೆ ಯಾವ ವಾರ ಹೊರಳಿತು ಅಂತ ನೋಡಿದರೆ ನಾಟಿ ಯಾವಾಗ ಆಯಿತು ಅಂತ ತಿಳಿಯುತ್ತದೆ. ನಾಟಿಯ ದಿನ ತಿಳಿದರೆ ಆ ಗದ್ದೆಗೆ ನೀರು ತಲುಪಿದ ವಾರ ತಿಳಿದ ಹಾಗೆಯೇ ಅಲ್ವಾ? ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯಲ್ಲಿ ಗೇಟ್ ಎತ್ತಿದ ದಿನ ಪೇಪರಿನಲ್ಲಿ ಬರುತ್ತದೆ. ನೀರು ನಮ್ಮ ಊರಿಗೆ ಮುಟ್ಟಿದ ದಿನ ಎಲ್ಲೂ ಬರುವುದಿಲ್ಲ. ನನ್ನ ಅಳಿಯ ಬೇಸಿಗೆ ಹಂಗಾಮಿನ ಚಿತ್ರಗಳನ್ನು ಒಂದರ ಹಿಂದೆ ಒಂದು ಓಡಿಸಿ ತೋರಿಸಿದ. ಹಸಿರು ಚನ್ನಗಿರಿ ಕಡೆಯಿಂದ ಮೆಲ್ಲಗೆ ಇಳಿದು ಬರುತ್ತದೆ. ನಾಲೆಯಲ್ಲಿ ಬಂದ ನೀರೇ ಹಸಿರು ಬಣ್ಣ ಹಚ್ಚುತ್ತಾ ಬಂದ ಹಾಗಿರುತ್ತದೆ. ಒಂದು ವರ್ಷ ನಮ್ಮ ಹತ್ತಿರ ಬರುವ ಹೊತ್ತಿಗೆ ಮೂರು ವಾರ ತಡ. ಅಷ್ಟರಲ್ಲಿ ನಮ್ಮ ಸಸಿ ಮಡಿ ಬಲಿತು ಹೋಗಿತ್ತು ಅಂತ ನನ್ನ ನೋಟ್‌ಬುಕ್‌ನಲ್ಲೂ ಬರೆದಿತ್ತು. ಎರಡೂ ತಾಳೆಯಾದಾಗ ನನಗಾದ ಖುಷಿ ಹೇಳತೀರದು.

ಆದರೆ ಖುಷಿ ಅರ್ಧ ಗಂಟೆಯೂ ಉಳಿಯಲಿಲ್ಲ.

ಭತ್ತ ಜೊಳ್ಳಾದ ವರ್ಷದ ಚಿತ್ರ ತೆಗೆದೆವು. ಮೇಲಿನವರು ನೀರು ಕದ್ದರು ಅಂತ ನಾನು ಅರ್ಜಿಯಲ್ಲಿ ಬರೆದಿದ್ದೆ. ಕೊನೆ ಭಾಗದ ನಾವು ಮೊದಲಿಂದಲೂ ಹೇಳುವುದು ಅದನ್ನೇ. ಚಿತ್ರದಲ್ಲಿ ನೋಡಿದರೆ ನಮ್ಮ ಉಪನಾಲೆಯ ಬಾಯಿಯ ಹತ್ತಿರ ಗದ್ದೆಗಳು ಕಡು ಹಸಿರು. ನಡುವಿನವೂ ಹಸಿರು. ಮೂರನೆಯ ಮೋರಿ ದಾಟಿದ ಮೇಲೆ ಬಣ್ಣ ಕಳೆಗುಂದಿದೆ. ಮೋರಿಯ ಆಚೆ ನಾನಿದ್ದೇನೆ. ಈಚೆ ಇರುವವರು ಯಾರು? ನಮ್ಮೂರಿನವರೇ. ನನ್ನ ಚಿಕ್ಕಪ್ಪನ ಮಕ್ಕಳ ಗದ್ದೆಯೂ ಅಲ್ಲೇ ಇದೆ. ಇನ್ನೂ ಒಂದು ವಿಷಯ. ಆ ಮೋರಿಯಿಂದ ಕೆಳಗೆ ಕಾಲುವೆಯಲ್ಲಿ ಮೊಣಕಾಲುದ್ದ ಹೂಳಿತ್ತು. ಅದನ್ನು ತೆಗೆಸಬೇಕಾದದ್ದು ನಮ್ಮ ಸಂಘ. ಆಗ ಸಂಘದ ಕಾರ್ಯದರ್ಶಿ ಈ ಪತ್ರ ಬರೆಯುತ್ತಿರುವ ನಾನೇ.

ಅಂದರೆ ಆ ಕಚೇರಿಯವರ ಪುಸ್ತಕ ಸುಳ್ಳು ಹೇಳಿರಲಿಲ್ಲ. ಉಪನಾಲೆಯ ಬಾಯಿಗೆ ನೀರು ಬಂದಿತ್ತು. ನಾನೂ ಸುಳ್ಳು ಹೇಳಿರಲಿಲ್ಲ. ನನ್ನ ಗದ್ದೆಗೆ ಬಂದಿರಲಿಲ್ಲ. ಇಬ್ಬರ ನಡುವಿನ ಎರಡು ಮೈಲಿಯ ಕತೆ ಯಾವ ಪುಸ್ತಕದಲ್ಲೂ ಇರಲಿಲ್ಲ. ನಾನು ಇವತ್ತು ಕೇಳುತ್ತಿರುವುದು ಆ ಎರಡು ಮೈಲಿಯ ಕತೆಯನ್ನು. ಪ್ರತಿ ಹಂಗಾಮು ಮುಗಿದ ಮೇಲೆ ಒಂದೊಂದು ಉಪನಾಲೆಯ ಹಸಿರಿನ ನಕ್ಷೆ, ನಾಟಿ ದಿನದ ನಕ್ಷೆ ಮಾಡಿಸಿ. ಅದರ ಪಕ್ಕದಲ್ಲೇ ಗೇಜ್ ಪುಸ್ತಕದ ಲೆಕ್ಕ ಹಾಕಿ. ಎಲ್ಲರಿಗೂ ಕಾಣುವ ಹಾಗೆ ಊರೂರಿನ ಗೋಡೆಗೆ ಅಂಟಿಸಿ. ಮುಂದಿನ ಹಂಗಾಮಿಗೆ ನೀರು ಬಿಡುವ ಸಭೆ ಆ ನಕ್ಷೆ ನೋಡಿದ ಮೇಲೆ ಶುರುವಾಗಲಿ.

ಇದು ಹೊಸ ಹುಚ್ಚು ಅಂತ ಯಾರಿಗಾದರೂ ಅನ್ನಿಸಿದರೆ ಒಂದು ವಿಷಯ ಹೇಳಬೇಕು. ನನಗೂ ಇದು ಗೊತ್ತಿರಲಿಲ್ಲ, ಗೊತ್ತಾದ ಮೇಲೆ ಸಿಟ್ಟೂ ಬಂತು, ಹೆಮ್ಮೆಯೂ ಆಯಿತು. ಉಪಗ್ರಹದಿಂದ ನೀರಾವರಿ ಹೇಗೆ ನಡೆದಿದೆ ಅಂತ ಅಳೆಯಬಹುದು ಅನ್ನುವುದಕ್ಕೆ ಹೊರಗಿನವರು ಉದಾಹರಣೆ ಕೊಡುವ ಒಂದು ಹಳೆಯ ಅಧ್ಯಯನ ಇದೆ. ಅದು ನಡೆದದ್ದು ಎಲ್ಲಿ ಗೊತ್ತೇ? ಇದೇ ಭದ್ರಾ ಅಚ್ಚುಕಟ್ಟಿನಲ್ಲಿ. ವಿಶ್ವಬ್ಯಾಂಕ್ ನೆರವಿನ ರಾಷ್ಟ್ರೀಯ ಜಲ ನಿರ್ವಹಣಾ ಯೋಜನೆ ಆಗ ಇಲ್ಲಿ ನಡೆದಿತ್ತು. ನೀರು ಹೊತ್ತಿಗೆ ಸರಿಯಾಗಿ, ಎಲ್ಲರಿಗೂ ಸಮನಾಗಿ ಸಿಗಬೇಕು ಅನ್ನುವುದು ಅದರ ಉದ್ದೇಶ. ಆ ದುಡ್ಡು ಕೆಲಸ ಮಾಡಿತೋ ಇಲ್ಲವೋ ಅಂತ ನೋಡಲು ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಸಂಸ್ಥೆ ಮತ್ತು ಕೊಲಂಬೊದಲ್ಲಿರುವ ಅಂತರರಾಷ್ಟ್ರೀಯ ನೀರಾವರಿ ನಿರ್ವಹಣಾ ಸಂಸ್ಥೆ ಸೇರಿ ಉಪಗ್ರಹದ ಚಿತ್ರ ಬಳಸಿದವು. ಎಷ್ಟು ಎಕರೆಗೆ ನೀರು ಮುಟ್ಟಿತು, ಎಷ್ಟು ಭತ್ತ ಬಂತು ಅಂತ ಉಪನಾಲೆವಾರು ನೋಡಿದರು. ಗದ್ದೆಯಲ್ಲಿ ಬೆಳೆ ಕಟಾವು ಪ್ರಯೋಗ ಮಾಡಿ ಚಿತ್ರದ ಲೆಕ್ಕದ ಜೊತೆ ತಾಳೆ ಹಾಕಿದರು. 1997ರಲ್ಲಿ ವರದಿ ಬಂತು.

ಆಗಿನ ಚಿತ್ರ ಎಷ್ಟು ಒರಟು ಅಂತ ತಿಳಿದರೆ ಆಶ್ಚರ್ಯ ಆಗುತ್ತದೆ. 1988ರಲ್ಲಿ ಹಾರಿದ ನಮ್ಮ ದೇಶದ ಐಆರ್‌ಎಸ್-1ಎ ಉಪಗ್ರಹದ ಒಂದು ಕ್ಯಾಮೆರಾಕ್ಕೆ ಒಂದು ಚುಕ್ಕೆ ಅಂದರೆ 72.5 ಮೀಟರ್. ನಮ್ಮ ಲೆಕ್ಕದಲ್ಲಿ ಒಂದು ಎಕರೆ ಹನ್ನೆರಡು ಗುಂಟೆ. ಇನ್ನೊಂದು ಕ್ಯಾಮೆರಾಕ್ಕೆ ಹದಿಮೂರು ಗುಂಟೆ. ಅದೂ 22 ದಿನಕ್ಕೊಮ್ಮೆ. ಅಂಥ ಕಾಲದಲ್ಲೇ ಉಪನಾಲೆವಾರು ಲೆಕ್ಕ ತೆಗೆಯಲು ಆಗಿದೆ. ಈಗ ಗುಂಟೆ ಗುಂಟೆಯ ಲೆಕ್ಕ ಐದು ದಿನಕ್ಕೊಮ್ಮೆ ಪುಕ್ಕಟೆ ಬಂದು ಬೀಳುತ್ತಿದೆ. ನಮ್ಮ ಗದ್ದೆಯ ಮೇಲೆ ಮಾಡಿದ ಅಭ್ಯಾಸವನ್ನು ಹೊರಗಿನವರು ಓದಿದರು. ನಾವು ಮಾತ್ರ ಇನ್ನೂ ನಾಲೆ ಏರಿ ಮೇಲೆ ನಿಂತು "ನೀರು ಎಲ್ಲಿಗೆ ಬಂತಂತೆ?" ಅಂತ ನಾಲೆ ನೀರು ನೋಡಿಕೊಳ್ಳುವ ಸೌಡಿಗೆ ಫೋನ್ ಹಚ್ಚುತ್ತಿದ್ದೇವೆ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಇದಕ್ಕೇ ಇರಬೇಕು.

ಇನ್ನೊಂದು ಬಗೆಯ ಅಳತೆಯೂ ಇದೆ. ಅದು ಇನ್ನೂ ಚೆಂದ. ಹಸಿರಂಕ ಬೆಳೆ ಹೇಗಿದೆ ಅಂತ ಹೇಳುತ್ತದೆ. ಆದರೆ ನೀರು ತಪ್ಪಿದ ಮೇಲೆ ಹಸಿರು ಕಳೆಯಲು ಕೆಲವು ದಿನ ಬೇಕು. ಅಷ್ಟರಲ್ಲಿ ಬೆಳೆಗೆ ಆಗಬೇಕಾದ ಪೆಟ್ಟು ಆಗಿರುತ್ತದೆ. ಬಿಸಿ ಅಳೆಯುವ ಕ್ಯಾಮೆರಾ ಅದಕ್ಕಿಂತ ಮೊದಲೇ ಹೇಳುತ್ತದೆ. ಬೇಸಿಗೆಯಲ್ಲಿ ಮಣ್ಣಿನ ಮಡಕೆಯ ನೀರು ಯಾಕೆ ತಂಪು? ಮಡಕೆ ಬೆವರುತ್ತದೆ, ಬೆವರು ಆರುವಾಗ ಬಿಸಿಯನ್ನು ಒಯ್ಯುತ್ತದೆ. ಭತ್ತದ ಎಲೆಯೂ ಹಾಗೇ. ಬೇರಿಗೆ ನೀರು ಸಿಕ್ಕರೆ ಎಲೆ ಬೆವರುತ್ತದೆ, ಗದ್ದೆ ತಂಪಾಗಿರುತ್ತದೆ. ನೀರು ಸಿಗದಿದ್ದರೆ ಎಲೆ ಬಾಯಿ ಮುಚ್ಚಿಕೊಳ್ಳುತ್ತದೆ, ಗದ್ದೆ ಬಿಸಿಯೇರುತ್ತದೆ. ಅಮೆರಿಕದವರ ಲ್ಯಾಂಡ್‌ಸ್ಯಾಟ್ ಉಪಗ್ರಹಗಳು ಈ ಬಿಸಿಯನ್ನು ಅಳೆಯುತ್ತವೆ. ಈಗ ಎರಡು ಇರುವುದರಿಂದ ಎಂಟು ದಿನಕ್ಕೊಮ್ಮೆ ಸಿಗುತ್ತದೆ. ಅವುಗಳ ಚಿತ್ರವೂ 2008ರಿಂದ ಪುಕ್ಕಟೆ. ಬಿಸಿಯ ಚುಕ್ಕೆ ನೂರು ಮೀಟರಿನಷ್ಟು ದೊಡ್ಡದು, ಸುಮಾರು ಎರಡೂವರೆ ಎಕರೆ. ಒಬ್ಬ ರೈತನ ಗದ್ದೆಗೆ ಅದು ಒರಟು. ಒಂದು ಉಪನಾಲೆಗೆ ಧಾರಾಳ ಸಾಕು.

ಈ ಬಿಸಿಯಿಂದ ಬೆಳೆ ಎಷ್ಟು ನೀರನ್ನು ಆವಿ ಮಾಡಿತು ಅಂತಲೂ ಲೆಕ್ಕ ಕಟ್ಟುತ್ತಾರೆ. ಅಲ್ಲಿಗೆ ನಿಜವಾದ ಪ್ರಶ್ನೆ ಬರುತ್ತದೆ. ಒಂದು ಕ್ಯೂಸೆಕ್ ನೀರು, ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಒಂದು ಹಗಲು ಒಂದು ರಾತ್ರಿ ಹರಿದರೆ ಸುಮಾರು ಎರಡು ಎಕರೆಗೆ ಒಂದಡಿ ನೀರು ನಿಲ್ಲುತ್ತದೆ. ಇದು ಬರಿಯ ಗುಣಾಕಾರ, ಬೇಕಾದರೆ ಮಾಡಿ ನೋಡಿ. ಬೇಸಿಗೆ ಭತ್ತ ದಿನಕ್ಕೆ ಸುಮಾರು 5–6 ಮಿಲಿಮೀಟರ್ ಬೆವರುತ್ತದೆ ಅಂತ ಇಟ್ಟುಕೊಂಡರೆ ನೂರು ದಿನಕ್ಕೆ ಎರಡಡಿಯ ಹತ್ತಿರ. ಹಾಗಾದರೆ ಒಂದು ಉಪನಾಲೆಗೆ ಬಿಟ್ಟ ನೀರು ಎಕರೆಗೆ ಆರಡಿಯಷ್ಟು ಇದ್ದರೆ ಉಳಿದ ನಾಲ್ಕಡಿ ಎಲ್ಲಿ ಹೋಯಿತು? ಸ್ವಲ್ಪ ಇಂಗಿತು. ಸ್ವಲ್ಪ ಹಳ್ಳ ಸೇರಿತು. ಸ್ವಲ್ಪ ಬಸಿದು ಕೆಳಗಿನ ಗದ್ದೆಗೆ ಬಂತು. ಈ ಬಸಿ ನೀರನ್ನೇ ನಂಬಿ ಬೆಳೆಯುವವರೂ ನಮ್ಮಲ್ಲಿ ಇದ್ದಾರೆ, ಅದನ್ನು ಪೂರ್ತಿ ಪೋಲು ಅನ್ನಲು ನನಗೆ ಮನಸ್ಸಿಲ್ಲ. ಆದರೆ ಮೇಲಿನ ಕಡೆ ವರ್ಷವಿಡೀ ನೀರು ನಿಂತು ಸವಳು-ಜವಳಾದ ಜಮೀನನ್ನು ನೀವೂ ನೋಡಿದ್ದೀರಿ. ನೀರು ಹೆಚ್ಚಾಗಿ ಅವರ ಮಣ್ಣು ಕೆಟ್ಟಿತು, ಕಡಿಮೆಯಾಗಿ ನಮ್ಮ ಬೆಳೆ ಕೆಟ್ಟಿತು. ಒಂದು ಕೆಜಿ ಭತ್ತಕ್ಕೆ ಸರಾಸರಿ 2,500 ಲೀಟರ್ ನೀರು ಅಂತ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಹೇಳುತ್ತದೆ. ನಮ್ಮ ಯಾವ ಉಪನಾಲೆಯಲ್ಲಿ ಎಷ್ಟು ಲೀಟರ್? ಅದನ್ನು ಹೇಳಲು ಮೇಲಿನ ಚಿತ್ರವೂ ಬೇಕು, ಕೆಳಗಿನ ಗೇಜೂ ಬೇಕು. ಚಿತ್ರ ನಾಲೆಯೊಳಗೆ ಹರಿಯುವ ನೀರನ್ನು ಅಳೆಯುವುದಿಲ್ಲ. ಆದ್ದರಿಂದ ಬಣ್ಣ ಹೋದ ಗೇಜ್ ಪಟ್ಟಿಗಳಿಗೆ ಮೊದಲು ಬಣ್ಣ ಹೊಡೆಸಿ. ಅದಕ್ಕೆ ಯಾವ ಉಪಗ್ರಹವೂ ಬೇಡ, ಒಂದು ಡಬ್ಬಿ ಪೇಂಟ್ ಸಾಕು.

ಈ ತಂತ್ರಕ್ಕೆ ಇರುವ ದೋಷಗಳನ್ನು ನಾನೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಸಭೆಯಲ್ಲಿ ಯಾರಾದರೂ ಎದ್ದು ಇಷ್ಟಕ್ಕೇ ಮಾತು ಮುಗಿಸಿಬಿಡುತ್ತಾರೆ.

ಮುಂಗಾರಿನಲ್ಲಿ ಮೋಡ. ಸಾಮಾನ್ಯ ಕ್ಯಾಮೆರಾಕ್ಕೆ ಮೋಡದ ಬೆನ್ನು ಮಾತ್ರ ಕಾಣುತ್ತದೆ. ಜುಲೈ, ಆಗಸ್ಟಿನಲ್ಲಿ ವಾರಗಟ್ಟಲೆ ಒಂದೂ ಒಳ್ಳೆ ಚಿತ್ರ ಸಿಗದೆ ಇರಬಹುದು. ಇದಕ್ಕೆ ರೇಡಾರ್ ಉಪಗ್ರಹ ಇದೆ. ಅದು ತಾನೇ ಅಲೆ ಬಿಟ್ಟು ವಾಪಸ್ ಬಂದದ್ದನ್ನು ಅಳೆಯುತ್ತದೆ, ಮೋಡ ಅಡ್ಡಿಯಲ್ಲ, ರಾತ್ರಿಯೂ ಅಡ್ಡಿಯಲ್ಲ. ನೀರು ನಿಂತ ಗದ್ದೆ ಕನ್ನಡಿಯ ಹಾಗೆ ಅಲೆಯನ್ನು ಆಚೆ ಎಸೆಯುವುದರಿಂದ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ಪೈರು ಬೆಳೆದಂತೆ ಬೆಳ್ಳಗಾಗುತ್ತದೆ. ಭತ್ತದ ನಾಟಿ ಗುರುತಿಸಲು ಇದು ಇನ್ನೂ ಸಲೀಸು. ಇಸ್ರೋ ಮತ್ತು ನಾಸಾ ಸೇರಿ ಮಾಡಿದ ನಿಸಾರ್ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದೆ. ಅದೂ ರೇಡಾರೇ. 12 ದಿನಕ್ಕೊಮ್ಮೆ ಅದೇ ಜಾಗಕ್ಕೆ ಬರುವ ಹಾಗೆ ಮಾಡಿದ್ದಾರೆ. ನಮ್ಮದೇ ದುಡ್ಡು ಹಾಕಿದ ಉಪಗ್ರಹ ನಮ್ಮ ನಾಲೆಗೆ ಉಪಯೋಗಕ್ಕೆ ಬರಲಿ.

ಎರಡನೆಯದು ಅಡಿಕೆ. ಇದು ದೊಡ್ಡ ತೊಡಕು. ಅಡಿಕೆ ತೋಟ ಏಪ್ರಿಲ್‌ನಲ್ಲೂ ಹಸಿರು, ಡಿಸೆಂಬರ್‌ನಲ್ಲೂ ಹಸಿರು. ಚನ್ನಗಿರಿಯ ನಮ್ಮ ಭಾವನ ತೋಟವನ್ನು ಮೇಲಿನಿಂದ ನೋಡಿದರೆ ಭದ್ರಾ ತಾಯಿ ಅವರ ಮನೆಯಲ್ಲೇ ಕಾಲುಮುರಿದುಕೊಂಡು ಬಿದ್ದಿದ್ದಾಳೆ ಅನ್ನಿಸುತ್ತದೆ. ಹಾಗಂತ ಒಂದು ಹಬ್ಬದ ಊಟದಲ್ಲಿ ಅಂದೂಬಿಟ್ಟೆ. ಅವರು ಎಲೆ ಬಿಟ್ಟು ಏಳಲಿಲ್ಲ ಅಷ್ಟೇ. "2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕೊಟ್ಟ ದುಡ್ಡಿನ ಚೀಟಿ ತೋರಿಸಲೇನೋ?" ಅಂದರು. ನಿಜ. ಆ ಬರದಲ್ಲಿ ಟ್ಯಾಂಕರ್ ನೀರು ಹೊಡೆಸಿ ತೋಟ ಉಳಿಸಿಕೊಂಡವರು ಎಷ್ಟೋ ಜನ. ಉಪಗ್ರಹಕ್ಕೆ ನಾಲೆ ನೀರು, ಬೋರ್‌ವೆಲ್ ನೀರು, ಟ್ಯಾಂಕರ್ ನೀರು ಎಲ್ಲ ಒಂದೇ. ಹಸಿರು ಕಂಡಿತು ಅಂದ ಮಾತ್ರಕ್ಕೆ ನಾಲೆ ನೀರು ಹೋಯಿತು ಅಂತ ಅಲ್ಲ. ಆದ್ದರಿಂದ ತೋಟವನ್ನು ಬೇರೆ ಮಾಡಿ, ಭತ್ತದ ಗದ್ದೆಯನ್ನಷ್ಟೇ ಹೋಲಿಸಬೇಕು. ಎಲ್ಲಿ ತೋಟ, ಎಲ್ಲಿ ಗದ್ದೆ ಅಂತ ತಿಳಿಯಲು 2020ರಿಂದ ನಾವೇ ಮೊಬೈಲಿನಲ್ಲಿ ಫೋಟೊ ತೆಗೆದು ಕಳಿಸುತ್ತಿರುವ ಬೆಳೆ ಸಮೀಕ್ಷೆ ಇದೆಯಲ್ಲ. ಸರ್ವೆ ನಂಬರಿನ ಗಡಿ ದಿಶಾಂಕ್ ಆ್ಯಪ್‌ನಲ್ಲಿ ಇದೆ. ಬೆಂಗಳೂರಿನಲ್ಲಿ ರಾಜ್ಯ ಸರ್ಕಾರದ್ದೇ ದೂರಸಂವೇದಿ ಅನ್ವಯಿಕ ಕೇಂದ್ರ ಇದೆ. ಅಡುಗೆಗೆ ಬೇಕಾದ ಸಾಮಾನೆಲ್ಲ ಮನೆಯಲ್ಲೇ ಇದೆ, ಒಲೆ ಹಚ್ಚುವವರು ಬೇಕು.

ಮೂರನೆಯದು ನನಗೆ ನಿಜವಾಗಿ ಭಯ ಹುಟ್ಟಿಸುವ ವಿಷಯ. ನಕ್ಷೆ ನಿಮ್ಮ ಕೈಗೆ ಸಿಕ್ಕರೆ ನೀವು ಅದನ್ನು ಯಾರ ಮೇಲೆ ಬೀಸುತ್ತೀರಿ? ಭದ್ರಾ ಯೋಜನೆ ಮಾಡಿದಾಗ ಎಲ್ಲ ಜಮೀನಿಗೂ ಭತ್ತದ ನೀರು ಅಂತ ಇರಲಿಲ್ಲ. ಅರೆ ನೀರಾವರಿ ಬೆಳೆ ಅಂತ ಗುರುತಿಸಿದ ಜಮೀನು ಬೇಕಾದಷ್ಟಿತ್ತು. ಈಗ ಅಲ್ಲೂ ಭತ್ತವೇ. ನಾಳೆ ಯಾರೋ ಕಂಪ್ಯೂಟರ್ ಮುಂದೆ ಕೂತು, ಈ ಸರ್ವೆ ನಂಬರಿನವನು ಬೆಳೆ ಪದ್ಧತಿ ಮುರಿದ, ಇವನಿಗೆ ನೋಟಿಸ್ ಕೊಡಿ ಅಂದರೆ? ಬೆಳೆ ಹಾನಿಗೆ ಅರ್ಜಿ ಹಾಕಿದವನಿಗೆ, ಚಿತ್ರದಲ್ಲಿ ನಿನ್ನ ಗದ್ದೆ ಹಸಿರಾಗಿದೆ, ಪರಿಹಾರ ಇಲ್ಲ ಅಂದರೆ? ಜೊಳ್ಳು ಭತ್ತವೂ ಕೆಲವು ದಿನ ಹಸಿರಾಗಿಯೇ ನಿಂತಿರುತ್ತದೆ ಸ್ವಾಮಿ. ಅಕ್ರಮ ಪಂಪ್‌ಸೆಟ್ ಹಾಕಿದವರನ್ನು ಹಿಡಿಯಬೇಡಿ ಅಂತ ನಾನು ಹೇಳುತ್ತಿಲ್ಲ. ಅದಕ್ಕೆ ನಾಲೆ ಏರಿ ಮೇಲೆ ಒಂದು ರೌಂಡ್ ಹೊಡೆದರೆ ಸಾಕು, ಪೈಪು ಬರಿಗಣ್ಣಿಗೇ ಕಾಣುತ್ತದೆ. ಈ ನಕ್ಷೆಯಿಂದ ನಾಲೆಯನ್ನು ಅಳೆಯಿರಿ. ಯಾವ ಉಪನಾಲೆಯಲ್ಲಿ ಮೇಲಿಗೂ ಕೊನೆಗೂ ಅಂತರ ಜಾಸ್ತಿ, ಎಲ್ಲಿ ಲೈನಿಂಗ್ ಒಡೆದಿದೆ, ಎಲ್ಲಿ ಹೂಳು, ದುರಸ್ತಿಯ ದುಡ್ಡು ಮೊದಲು ಎಲ್ಲಿಗೆ ಹೋಗಬೇಕು, ಇದನ್ನು ಕೇಳಿ. ಹತ್ತು ವರ್ಷದ ಚಿತ್ರದಲ್ಲಿ ಪ್ರತಿ ವರ್ಷವೂ ಒಂದೇ ಮೋರಿಯ ಹತ್ತಿರ ಹಸಿರು ನಿಲ್ಲುತ್ತಿದ್ದರೆ ಅದು ರೈತನ ತಪ್ಪಲ್ಲ, ಮೋರಿಯ ತಪ್ಪು.

2023ರ ಬರ ನೆನಪಿಸಿಕೊಳ್ಳಿ. ಜಲಾಶಯ ತುಂಬಲಿಲ್ಲ. ನೀರನ್ನು ಒಂದೇ ಸಮ ಬಿಡಬೇಕೋ, ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ ಆನ್-ಆಫ್ ಮಾಡಬೇಕೋ ಅಂತ ದೊಡ್ಡ ಜಗಳ. ನಾವು ರಸ್ತೆಗೆ ಇಳಿದೆವು. ನಾನೂ ಕೂಗಿದೆ. ಆದರೆ ಈಗ ಯೋಚಿಸಿದರೆ, ಆಫ್ ಮಾಡಿದ ದಿನಗಳಲ್ಲಿ ಯಾವ ಉಪನಾಲೆಯ ಬೆಳೆ ತಡೆದುಕೊಂಡಿತು, ಯಾವುದು ಬಿಸಿಯೇರಿ ಬಾಡಿತು ಅಂತ ನಮ್ಮಲ್ಲಿ ಯಾರ ಹತ್ತಿರವೂ ಲೆಕ್ಕ ಇರಲಿಲ್ಲ. ಗಂಟಲು ದೊಡ್ಡದಿದ್ದವರ ಮಾತೇ ಲೆಕ್ಕ. ಆ ವರ್ಷದ ಚಿತ್ರಗಳು ಇವತ್ತೂ ಇವೆ. ತೆಗೆದು ನೋಡಿದರೆ ಮುಂದಿನ ಬರಕ್ಕೆ ಯಾವ ಭಾಗಕ್ಕೆ ಎಷ್ಟು ದಿನದ ಆಫ್ ತಡೆಯುತ್ತದೆ ಅಂತ ಒಂದು ಅಂದಾಜು ಸಿಗುತ್ತದೆ. 186 ಅಡಿ ಪೂರ್ತಿ ತುಂಬಿದ ವರ್ಷ ಈ ಪ್ರಶ್ನೆ ಯಾರಿಗೂ ಬೇಡ. 71.5 ಟಿಎಂಸಿ ಇದ್ದಾಗ ನಾವೆಲ್ಲ ಅಣ್ಣತಮ್ಮಂದಿರು. 2025ರಲ್ಲಿ ಬಲದಂಡೆ ನಾಲೆ ಸೀಳಿ ಕುಡಿಯುವ ನೀರು ಒಯ್ಯುವ ವಿಚಾರಕ್ಕೆ ಎಷ್ಟು ಗಲಾಟೆ ಆಯಿತು ನೋಡಿದಿರಲ್ಲ. ನೀರು ಹಂಚಿಕೊಳ್ಳಬೇಕಾದವರು ಹೆಚ್ಚುತ್ತಿದ್ದಾರೆ. ಕೊನೆ ಭಾಗಕ್ಕೆ ನೀರು ಕಡಿಮೆಯಾಗುತ್ತದೆ ಅಂತ ನಾವು ಹೇಳುತ್ತೇವೆ, ಆಗುವುದಿಲ್ಲ ಅಂತ ನೀವು ಹೇಳುತ್ತೀರಿ. ಎರಡನ್ನೂ ಒಂದು ಹಂಗಾಮಿನ ಚಿತ್ರದ ಮುಂದೆ ಇಟ್ಟು ನೋಡಬಹುದು.

ಚಿತ್ರದುರ್ಗದ ಕಡೆಯ ಗೆಳೆಯರಿಗೂ ಒಂದು ಮಾತು. ಭದ್ರಾ ನೀರನ್ನು ನಿಮ್ಮ ಕಡೆ ಒಯ್ಯುವ ಭದ್ರಾ ಮೇಲ್ದಂಡೆ ಯೋಜನೆ ನಿಮಗೆ ಬೇಕು, ನಮಗೆ ಅದರ ಮೇಲೆ ಅನುಮಾನ. ಈ ಜಗಳ ಇವತ್ತಿನದಲ್ಲ. ಅಲ್ಲಿ 2 ಲಕ್ಷದ 25 ಸಾವಿರ ಹೆಕ್ಟೇರಿಗೂ ಹೆಚ್ಚು ಜಮೀನಿಗೆ ಹನಿ ನೀರಾವರಿ ಅಂತ ಯೋಜನೆ ಹೇಳುತ್ತದೆ. ಅಷ್ಟು ಅಗಲದ ನೆಲದಲ್ಲಿ ಪೈಪಿನ ನೀರು ಕೊನೆಯ ಹೊಲಕ್ಕೆ ಮುಟ್ಟಿತೋ ಇಲ್ಲವೋ ಅಂತ ಯಾವ ಸೌಡಿ ನಡೆದು ನೋಡುತ್ತಾನೆ? ನಮ್ಮ ಹಾಗೆ ಅರವತ್ತು ವರ್ಷ ಕಾಯಬೇಡಿ. ಮೊದಲ ಹಂಗಾಮಿನಿಂದಲೇ ನಕ್ಷೆ ಕೇಳಿ.

ಖರ್ಚಿನ ಬಗ್ಗೆ ಒಂದು ಮಾತಲ್ಲಿ ಮುಗಿಸುತ್ತೇನೆ. ಚಿತ್ರ ಪುಕ್ಕಟೆ. ಅದನ್ನು ಓದಬಲ್ಲ ಹುಡುಗರು, ಹುಡುಗಿಯರು ನಮ್ಮ ದಾವಣಗೆರೆಯ ಇಂಜಿನಿಯರಿಂಗ್ ಕಾಲೇಜುಗಳಲ್ಲೇ ತುಂಬಿದ್ದಾರೆ. ಹಂಗಾಮಿಗೆ ಇಬ್ಬರು, ಮೂವರನ್ನು ಕೂರಿಸಿದರೆ ಸಾಕು. ಅವರ ಜೊತೆ ಒಬ್ಬ ಸೌಡಿಯನ್ನೂ ಕೂರಿಸಿ. ಯಾಕೆಂದರೆ ಚಿತ್ರದಲ್ಲಿ ಒಂದು ಜಾಗ ಯಾಕೆ ಒಣಗಿದೆ ಅಂತ ಕಂಪ್ಯೂಟರಿಗೆ ಗೊತ್ತಿಲ್ಲ. "ಅಲ್ಲಿ ದಿಬ್ಬ ಐತ್ರಿ, ನೀರು ಏರಲ್ಲ" ಅಂತ ಸೌಡಿಗೆ ಗೊತ್ತು. ದಯವಿಟ್ಟು ದೊಡ್ಡ ಟೆಂಡರ್ ಕರೆದು, ಇಂಗ್ಲಿಷಿನಲ್ಲಿ ಇನ್ನೂರು ಪುಟದ ವರದಿ ಮಾಡಿಸಿ ಬೀರುವಿನಲ್ಲಿ ಇಡಬೇಡಿ. ನಕ್ಷೆ ಕನ್ನಡದಲ್ಲಿರಲಿ. ಹೆಕ್ಟೇರ್ ಬೇಡ, ಎಕರೆ-ಗುಂಟೆ ಇರಲಿ. ತೂಬಿನ ನಂಬರ್, ಮೋರಿ, ಊರ ಹೆಸರು ಕಾಣಲಿ. ರೈತರ ಹೆಸರು ಬೇಡ. ಹೆಸರು ಹಾಕಿದರೆ ಊರಲ್ಲಿ ಜಗಳ ಹಚ್ಚಿದ ಹಾಗಾಗುತ್ತದೆ, ಇರುವ ಜಗಳವೇ ಸಾಕಷ್ಟಿದೆ.

ನಮ್ಮ ಉಪನಾಲೆಯ ವಿಷಯ ಕೇಳುವವರಿಗೆ ಹೇಳುತ್ತೇನೆ. ಆ ಚಿತ್ರವನ್ನು ಸಂಘದ ಸಭೆಯಲ್ಲಿ ತೋರಿಸಿದೆ. ಚಿಕ್ಕಪ್ಪನ ಮಕ್ಕಳು ಮೂರು ತಿಂಗಳು ಮಾತು ಬಿಟ್ಟರು. ಆಮೇಲೆ ಹೂಳು ತೆಗೆಯಲು ಜೆಸಿಬಿ ತರಿಸಿದಾಗ ಡೀಸೆಲ್ ದುಡ್ಡಿನಲ್ಲಿ ಅವರೂ ಪಾಲು ಹಾಕಿದರು. ಮುಂದಿನ ಬೇಸಿಗೆ ನೀರು ಮೋರಿ ದಾಟಿತು, ನಾಲ್ಕು ದಿನ ತಡವಾಗಿ. ಎಲ್ಲ ಸರಿಹೋಯಿತು ಅಂತ ಹೇಳಲಾರೆ. ಆ ನಾಲ್ಕು ದಿನ ಎಲ್ಲಿ ತಡವಾಯಿತು ಅನ್ನುವುದು ನಮ್ಮ ಉಪನಾಲೆಯ ಆಚೆಗಿನ ಪ್ರಶ್ನೆ. ಅದಕ್ಕೇ ಈ ಪತ್ರ ನಿಮಗೆ.

ನಮ್ಮ ಸಂಘದ ಕಟ್ಟಡದ ರಸ್ತೆ ಕಡೆ ಗೋಡೆ ಖಾಲಿ ಇದೆ. ಎಂಟಡಿ ಅಗಲ, ಆರಡಿ ಎತ್ತರ. ಬಸ್ಸಿಗೆ ಕಾಯುವವರಿಗೂ ಕಾಣುತ್ತದೆ. ಹೋದ ಹಂಗಾಮಿನ ನಕ್ಷೆ ಕಳಿಸಿದರೆ ಅಂಟಿಸುತ್ತೇವೆ. ಈ ವಾರ ಸುಣ್ಣ ಹೊಡೆಸುತ್ತಿದ್ದೇನೆ.

ಇಂತಿ,
ಭದ್ರಾ ಬಲದಂಡೆ ಕೊನೆ ಭಾಗದ ಒಬ್ಬ ರೈತ,
ದಾವಣಗೆರೆ ತಾಲ್ಲೂಕು